ತಿಂದು ಏಳುವಂಥ ಉಂಡಿ

ಸುಗ್ಗಿ ಮುಗಿದು ಕಣಗಳು ಖಾಲಿಯಾಗಿದ್ದವು. ಮಧ್ಯಾಹ್ನ ಮೂರರ ಸುಮಾರು. ಹತ್ತಿಕಾಳಿನ ವ್ಯಾಪಾರಿ ಗುರುಶಾಂತಪ್ಪ ಅರವತ್ತೊಂದನೆಯ ಹೋಳಿಗೆಗೆ ಕೈ ಚಾಚಿದಾಗ ನನ್ನ ಕೈಯಲ್ಲಿದ್ದ ತುಪ್ಪದ ತಂಬಿಗೆ ಬರಿದಾಗಿತ್ತು. ಎಲ್ಲ ಶುರುವಾದದ್ದು ಅವತ್ತೇ. ಗುರುಶಾಂತಪ್ಪ ಸತ್ತು ಆಗ ಹನ್ನೊಂದು ದಿನವಾಗಿತ್ತು.

ನಮ್ಮೂರಲ್ಲಿ ಮಣ್ಣು ಕೊಟ್ಟು ತಿರುಗಿ ಬರುವಷ್ಟರಲ್ಲಿ ಸತ್ತವರು ನಮಗಿಂತ ಮುಂಚೆ ಮನೆ ಸೇರಿ ಪಡಸಾಲೆಯಲ್ಲಿ ಕೂತಿರುತ್ತಾರೆ. ಹತ್ತು ದಿನ ಬಂದುಹೋದವರ ಜೊತೆ ಮಾತಾಡುತ್ತಾರೆ. ಅತ್ತವರನ್ನು ಗದರುತ್ತಾರೆ, ಅಳದವರ ಹೆಸರು ನೆನಪಿಟ್ಟುಕೊಳ್ಳುತ್ತಾರೆ. ಹನ್ನೊಂದನೆಯ ದಿನ ಎಲೆ ಹಾಕಿ ಸಿಹಿ ಬಡಿಸಬೇಕು. ತಿಂದು, ‘ಸಾಕು’ ಅಂದು, ಕೈ ತೊಳೆದು, ಊರ ಅಗಸಿ ಬಾಗಿಲು ದಾಟಿ ಹೋಗುತ್ತಾರೆ. ಆ ಸಿಹಿ ಮಾಡುವುದು ನನ್ನ ಕಸುಬು. ಎರಡನೇ ಇಯತ್ತೆಗೆ ಸಾಲಿ ಬಿಟ್ಟ ಈ ದುಂಡಪ್ಪನಿಗೆ ಅಪ್ಪ ಕಲಿಸಿದ್ದು ಅದೊಂದೇ. ಸಾಮಾನ್ಯ ಮಂದಿ ಎರಡು ಮೂರು ಹೋಳಿಗೆಗೆ ಸಾಕೆನ್ನುತ್ತಿದ್ದರು. ನನಗೆ ನೆನಪಿದ್ದಂತೆ ಎಲ್ಲರಿಗಿಂತ ಹೆಚ್ಚು ತಿಂದವನು ಗರಡಿಮನೆಯ ಭೀಮಸಿ, ಹತ್ತೊಂಬತ್ತು. ಬದುಕಿದ್ದಾಗ ಅವನು ಇಪ್ಪತ್ತೈದು ತಿನ್ನುತ್ತಿದ್ದ, ಸಾವು ಅವನನ್ನು ಸ್ವಲ್ಪ ಸೊರಗಿಸಿತ್ತು.

ಗುರುಶಾಂತಪ್ಪನಿಗೆ ಹದಿನಾಲ್ಕು ವರ್ಷದಿಂದ ಶುಗರ್ ಇತ್ತು. ಸೊಸೆ ಸಕ್ಕರೆ ಡಬ್ಬಿಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಗಿಸಿಕೊಂಡು ಅವನನ್ನು ಕಾಯ್ದಿದ್ದಳು. ಒಳ್ಳೆಯದಕ್ಕೇ ಮಾಡಿದಳು. ಆದರೆ ಹದಿನಾಲ್ಕು ವರ್ಷದ ಆಸೆ ಎಲ್ಲಿಗೆ ಹೋಗಬೇಕು? ಅದೂ ಅವನ ಜೊತೆಗೇ ಬಂದು ಪಡಸಾಲೆಯಲ್ಲಿ ಕೂತಿತ್ತು. ಅರವತ್ತೊಂದಾಯಿತು, ನೂರಾಯಿತು. “ಸಾಕು ಅನ್ನೋ ಯಪ್ಪಾ,” ಅಂತ ಮಗ ಕಾಲು ಹಿಡಿದ. “ಬಡಸು,” ಅಂದ ಗುರುಶಾಂತಪ್ಪ. ನಾನು, ನನ್ನ ಜೊತೆ ಒಲೆಗೆ ನಿಲ್ಲುವ ಚಂಬಣ್ಣ, ಇಬ್ಬರೂ ಸೇರಿ ಮೂರು ದಿನ ಲಟ್ಟಿಸಿದೆವು. ಊರಿನ ಕಡಲೆಬೇಳೆ ಮುಗಿಯಿತು, ಪಕ್ಕದೂರಿನಿಂದ ತರಿಸಿದ್ದೂ ಮುಗಿಯಿತು. ನಾಲ್ಕನೆಯ ದಿನ ಅಮಾವಾಸ್ಯೆ. ಅಮಾವಾಸ್ಯೆಗೂ ಏಳದವರಿಗೆ ಮಾತು ಹೋಗಿಬಿಡುತ್ತದೆ, ಹಸಿವು ಮಾತ್ರ ಉಳಿಯುತ್ತದೆ. ಮರುದಿನ ಗುರುಶಾಂತಪ್ಪನನ್ನು ಕೈಹಿಡಿದು ಕರೆದುಕೊಂಡು ಹೋಗಿ ಅವನ ಅಂಗಡಿಯ ಮೂಲೆಯಲ್ಲಿ ಚೀಲಕ್ಕೆ ಒರಗಿಸಿ ಕೂರಿಸಿದರು. ಯಾರಾದರೂ ಬುತ್ತಿ ಹಿಡಿದು ಮುಂದೆ ಹಾದರೆ ಬಾಯಿ ತೆರೆಯುತ್ತಾನೆ, ಅವರು ಹೋದ ಮೇಲೆ ಮುಚ್ಚುತ್ತಾನೆ. ಈಗಲೂ ಅಲ್ಲೇ ಇದ್ದಾನೆ. ಗಿರಾಕಿಗಳು ಅವನ ಕಾಲು ದಾಟಿಕೊಂಡು ಹೋಗಿ ಹತ್ತಿಕಾಳು ಅಳೆಸಿಕೊಳ್ಳುತ್ತಾರೆ.

ಅದನ್ನು ಕಂಡ ಮೇಲೆ ಊರವರು ಶುಗರ್ ಇದ್ದವರನ್ನು ನೋಡುವ ರೀತಿಯೇ ಬೇರೆಯಾಯಿತು. ಎಷ್ಟೋ ಮನೆಗಳಲ್ಲಿ ಡಬ್ಬಿಯ ಬೀಗ ತೆಗೆದರು. “ತಿಂದುಬಿಡ ಯವ್ವಾ, ಜೀವ ಇದ್ದಾಗ ತಿಂದು ಮುಗಿಸಿಬಿಡು,” ಅಂತ ಜಿಲೇಬಿಯನ್ನು ಬಾಯಿಗೆ ತುರುಕುವ ಸೊಸೆಯರು ಹುಟ್ಟಿಕೊಂಡರು. ಇಷ್ಟು ಪ್ರೀತಿ ತಮ್ಮ ಮೇಲೆ ಯಾವಾಗ ಬಂತೆಂದು ಮುದುಕರಿಗೆ ತಿಳಿಯಲಿಲ್ಲ. ತಿಂದರು. ಎರಡು ತಿಂಗಳು ಕಳೆಯುವುದರೊಳಗೆ ದವಾಖಾನೆಯ ಕಟ್ಟೆಯ ಮೇಲೆ ಕಾಲಿಗೆ ಬಟ್ಟೆ ಸುತ್ತಿಕೊಂಡವರ ಸಾಲು ಬೆಳೆಯಿತು.

ನನ್ನ ಮನೆಯಲ್ಲೂ ಒಬ್ಬಾಕೆ ಇದ್ದಳು. ನನ್ನ ಅತ್ತೆ ಮುರಿಗೆವ್ವ. ನನ್ನ ಹೆಂಡತಿ ಕಾಶವ್ವ ಆಕೆಗೆ ಒಬ್ಬಳೇ ಮಗಳು, ಹಾಗಾಗಿ ಗಂಡ ಹೋದ ವರ್ಷವೇ ಒಂದು ಟ್ರಂಕು, ಒಂದು ಎಲೆಅಡಿಕೆ ಚೀಲ ಹಿಡಿದು ನಮ್ಮ ಮನೆಗೆ ಬಂದಿದ್ದಳು. ಹಳೆಯ ಕಾಲದವಳು, ಅಳಿಯನ ಜೊತೆ ನೇರ ಮಾತಾಡುತ್ತಿರಲಿಲ್ಲ. ಗೋಡೆಗೆ ಹೇಳುತ್ತಿದ್ದಳು. “ಏ ಗ್ವಾಡೀ, ಅಳಿಯಾರಿಗೆ ಹೇಳು, ಸಾರಿಗೆ ಉಪ್ಪಿಲ್ಲ.” “ಏ ಗ್ವಾಡೀ, ಅಳಿಯಾರು ಗೊರಕಿ ಹೊಡದ್ರ ಜಂತಿ ಅಲ್ಲಾಡತೈತಿ ಅಂತ ಹೇಳು.” ಇಪ್ಪತ್ತು ವರ್ಷ ಆ ಗೋಡೆಯ ಹತ್ತಿರ ನನ್ನ ಬಗ್ಗೆ ಕೇಳಬಾರದ್ದನ್ನೆಲ್ಲ ಕೇಳಿಸಿಕೊಂಡೆ. ಶುಗರ್ ಮುನ್ನೂರರ ಮೇಲಿತ್ತು. ಹಲ್ಲಿಲ್ಲದಿದ್ದರೂ ಎಲೆಅಡಿಕೆ ಚೀಲ ಬಿಡುತ್ತಿರಲಿಲ್ಲ, ಯಾಕೆಂದರೆ ಅದರಲ್ಲಿ ಅಡಿಕೆ ಇರುತ್ತಿರಲಿಲ್ಲ, ಬೆಲ್ಲ ಇರುತ್ತಿತ್ತು. ಕಾಶವ್ವ ಹುಡುಕಿ ತೆಗೆದು ಎಸೆಯುವಳು, ಮುದುಕಿ ಮತ್ತೆ ತುಂಬಿಕೊಳ್ಳುವಳು.

ಸುಳ್ಳು ಹೇಳಬಾರದು. ಮಾತಿಲ್ಲದ ಮುರಿಗೆವ್ವ ಎಂದು ನೆನೆದಾಗ ಮೊದಲು ಒಂದು ಗಳಿಗೆ ಸಂತೋಷವೇ ಆಯಿತು. ಆಮೇಲೆ ಹತ್ತಿಕಾಳಿನ ಅಂಗಡಿಯ ಮುಂದೆ ಹಾದುಹೋದೆ. ನನ್ನ ಕೈಯಲ್ಲಿ ರೊಟ್ಟಿಯ ಗಂಟಿತ್ತು. ಗುರುಶಾಂತಪ್ಪ ಬಾಯಿ ತೆರೆದ. ಊರಿನ ಅರ್ಧ ವ್ಯಾಜ್ಯಗಳನ್ನು ಬಾಯಿಮಾತಲ್ಲೇ ಹರಿಸುತ್ತಿದ್ದ ಮನುಷ್ಯ. ಆ ಬಾಯಲ್ಲಿ ಈಗ ಕತ್ತಲೆ ಬಿಟ್ಟರೆ ಏನೂ ಇರಲಿಲ್ಲ. ಮನೆಗೆ ಬಂದರೆ ಅತ್ತೆ ಗೋಡೆಗೆ ಹೇಳುತ್ತಿದ್ದಳು: “ಏ ಗ್ವಾಡೀ, ಅಳಿಯಾರು ಈಗ ಬಂದ್ರು ನೋಡು, ಉಣ್ಣೂ ಹೊತ್ತಿಗಿ ಮಾತ್ರ ದಾರಿ ತಪ್ಪೂದಿಲ್ಲ.” ಈ ಬಾಯಿ ಹಾಗಾಗಬಾರದು ಅನ್ನಿಸಿತು. ಬೈಗುಳ ತಿಂದು ತಿಂದು ನನಗೂ ಅದರ ಚಟ ಹತ್ತಿತ್ತೋ ಏನೋ.

ಅದೇ ವಾರ ದವಾಖಾನೆಯ ನರ್ಸ್ ಎಸ್ತೇರಮ್ಮ ನಮ್ಮ ಮನೆ ಬಾಗಿಲಿಗೆ ಬಂದಳು. ಬೇರೆ ಸೀಮೆಯಿಂದ ಬಂದ ಹೆಂಗಸು, ನಮ್ಮೂರಿನ ರೀತಿಗೆ ಹೊಂದಿಕೊಂಡಿದ್ದಳು, ಆದರೆ ಗೌರವವೇನೂ ಇರಲಿಲ್ಲ. ಚಪ್ಪಲಿ ಬಿಡುವ ಮೊದಲೇ ಬೈಯಲು ಶುರುಮಾಡಿದಳು. “ದುಂಡಪ್ಪನವರೇ, ಸತ್ತ ಮೇಲೆ ಎಲ್ಲಿ ಕೂತುಬಿಡ್ತಾರೋ ಅಂತ ಬದುಕಿರೋವಾಗಲೇ ಕೊಲ್ತಿದ್ದಾರಲ್ಲ, ನಿಮ್ಮೂರಿನ ಜನಕ್ಕೆ ತಲೆ ಇದೆಯಾ?” “ಅದಕ್ಕ ನಾ ಏನ್ ಮಾಡ್ಲಿ, ಬಾಯೋರ?” ಅಂದೆ. “ಸತ್ತವರಿಗೆ ಇಷ್ಟು ವರ್ಷ ಮಾಡಿ ಹಾಕಿದಿರಿ. ಈಗ ಬದುಕಿರೋರಿಗೆ ಮಾಡಿ. ಶುಗರ್ ಇರೋರು ತಿಂದ್ರೂ ತೊಂದರೆ ಆಗಬಾರದು, ತಿಂದ ಹಾಗೂ ಇರಬೇಕು. ದಿನಾ ಸ್ವಲ್ಪ ಸಿಕ್ಕರೆ ಆಸೆ ಯಾಕೆ ಗಂಟು ಕಟ್ಟುತ್ತೆ?” ಹೋಗುವಾಗ ಬೆರಳಿಗೆ ಚುಚ್ಚಿ ನೋಡುವ ಮಶೀನು ತೋರಿಸಿದಳು. “ನೀವು ಮಾಡಿ, ಅಜ್ಜಿ ತಿನ್ನಲಿ, ನಾನು ಚುಚ್ತೀನಿ. ಇದು ಯಾರ ಮುಲಾಜಿಗೂ ಸುಳ್ಳು ಹೇಳಲ್ಲ. ನಾನೂ ಹೇಳಲ್ಲ.” ಒಳಗಿನಿಂದ ಅತ್ತೆಯ ದನಿ ಬಂತು: “ಏ ಗ್ವಾಡೀ, ನನ್ನ ಬೆರಳು ಏನ್ ಪಿನ್ ಚುಚ್ಚೂ ದಿಂಬಂತ ಮಾಡ್ಯಾರೇನು, ಕೇಳು!”

ಮೊದಲು ಗುಳಿಗೆ ಹಾಕಿ ಮಾಡಿದೆ. ಐಸ್‌ಕ್ಯಾಂಡಿ ಮಾಡುವವನು ಕೊಟ್ಟದ್ದು, ಸಕ್ಕರೆಯಲ್ಲ, ಆದರೂ ಸಿಹಿ. ಆ ಪಾಯಸವನ್ನು ಅತ್ತೆ ಒಂದು ಗುಟುಕು ಕುಡಿದು ಗೋಡೆಯತ್ತ ತಿರುಗಿದಳು. “ಮೊದಲು ಸಿಹಿ, ಆಮ್ಯಾಲ ಚಿಮಣಿಎಣ್ಣಿ.” ಜೇನುತುಪ್ಪ ಒಳ್ಳೆಯದು ಅಂತ ಚಂಬಣ್ಣ ಹೇಳಿದ. ಹಾಕಿದೆ. ಎಸ್ತೇರಮ್ಮ ಚುಚ್ಚಿ ನೋಡಿ, “ಇನ್ನೂರ ತೊಂಬತ್ತು. ಜೇನುನೊಣಕ್ಕೆ ಶುಗರ್ ಇಲ್ಲ, ಅದಕ್ಕೇ ಅದು ಮಾಡುತ್ತೆ,” ಅಂದಳು. ಬೆಲ್ಲ ಸಕ್ಕರೆಗಿಂತ ವಾಸಿ ಅನ್ನುವುದು ನನ್ನ ಬಹಳ ದಿನದ ನಂಬಿಕೆಯಾಗಿತ್ತು. ಅದನ್ನೂ ಮಶೀನು ಮುರಿಯಿತು. ಬರೀ ಖರ್ಜೂರದಲ್ಲಿ ಮಾಡಿದ್ದೂ ಹಾಗೆಯೇ ಆಯಿತು. ಕೊನೆಗೆ ಸಿಟ್ಟಿನಿಂದ ಸಿಹಿಯನ್ನೇ ಬಿಟ್ಟು ಮೆಂತ್ಯ, ಹಾಗಲಬೀಜ ಹಾಕಿ ಉಂಡಿ ಕಟ್ಟಿದೆ. ಅತ್ತೆ ಅದನ್ನು ಬೆಕ್ಕಿಗೆ ಎಸೆದಳು. ಬೆಕ್ಕು ಮೂಸಿ ನೋಡಿ ಮನೆ ಬಿಟ್ಟು ಹೋಯಿತು, ಮೂರು ದಿನ ಬರಲಿಲ್ಲ.

ದಾರಿ ಸಿಕ್ಕಿದ್ದು ತಪ್ಪಿನಿಂದ. ಹುರಿದ ಶೇಂಗಾ, ಎಳ್ಳು, ಗುರೆಳ್ಳು, ಪುಠಾಣಿ ಅಂದರೆ ಹುರಿಗಡಲೆಯ ಹಿಟ್ಟು, ಒಣಕೊಬ್ಬರಿ, ಏಲಕ್ಕಿ, ಒಂದು ಕಣ ಉಪ್ಪು, ಕಟ್ಟಲು ಬೇಕಾದಷ್ಟು ತುಪ್ಪ. ಇಷ್ಟರಲ್ಲಿ ಉಂಡಿ ಕಟ್ಟಿ ನೋಡೋಣವೆಂದು ಕೂತಿದ್ದೆ, ಸಿಹಿಯೇ ಇಲ್ಲದೆ. ಕಟ್ಟಿದ್ದನ್ನು ಇಟ್ಟದ್ದು ಚಂಬಣ್ಣ ಬೆಳಿಗ್ಗೆ ಬೆಲ್ಲ ಹೆರೆದು ತೊಳೆಯದೆ ಬಿಟ್ಟಿದ್ದ ತಟ್ಟೆಯಲ್ಲಿ. ಉಂಡಿಗಳು ಆ ಪುಡಿಯಲ್ಲಿ ಉರುಳಾಡಿದ್ದು ನನಗೆ ಗೊತ್ತಾಗಲಿಲ್ಲ. ಊಟದ ಮೇಲೆ ಅತ್ತೆಯ ಮುಂದೆ ಒಂದು ಬಿಸಿ ಉಂಡಿ ಇಟ್ಟು, ಬೆಕ್ಕು ಎಲ್ಲಿದೆ ಅಂತ ನೋಡಿ, ಒಳಗೆ ಹೋದೆ. ತಿರುಗಿ ಬಂದಾಗ ತಟ್ಟೆ ಖಾಲಿ. ಅತ್ತೆ ಗೋಡೆಯನ್ನು ನೋಡಲಿಲ್ಲ. ನನ್ನನ್ನೇ ನೋಡಿದಳು. “ಅಳಿಯಾರ, ಇನ್ನೊಂದು ಕೊಡ್ರಿ.” ಇಪ್ಪತ್ತು ವರ್ಷದಲ್ಲಿ ಮೊದಲ ಮಾತು. ಬಾಗಿಲಲ್ಲಿದ್ದ ಕಾಶವ್ವನ ಕೈಯಿಂದ ತಂಬಿಗೆ ಬಿತ್ತು. ಅತ್ತೆಗೂ ತಾನು ಏನು ಮಾಡಿದೆನೆಂದು ಆಗಲೇ ತಿಳಿದದ್ದು. ಸೆರಗು ಎಳೆದುಕೊಂಡು, “ಗ್ವಾಡೀಗೆ ಹೇಳಾಕ ಹೋಗಿದ್ದೆ,” ಅಂತ ಗೊಣಗಿದಳು. ಆದರೆ ಬಾಯಿ ಬಿಟ್ಟಾಗಿತ್ತು, ಮತ್ತೆ ಮುಚ್ಚಲಿಲ್ಲ.

ತಟ್ಟೆಯ ತಳ ಬೆರಳಿನಿಂದ ಮುಟ್ಟಿ ನೆಕ್ಕಿ ನೋಡಿದೆ. ಆಗ ಹೊಳೆಯಿತು. ಸಿಹಿ ನಾಲಿಗೆಗೆ ಬೇಕಾದದ್ದು. ಹೊಟ್ಟೆಗೆ ಅದರ ಗರಜೇ ಇಲ್ಲ. ನಾವು ಹೋಳಿಗೆಯ ಒಳಗೆ ಬೆಲ್ಲ ತುಂಬಿ, ಹೊರಗೆ ಹಿಟ್ಟು ಸುತ್ತಿ, ಸಿಹಿಯನ್ನು ನಾಲಿಗೆಯಿಂದ ಬಚ್ಚಿಟ್ಟು ಹೊಟ್ಟೆಗೆ ಕಳಿಸುತ್ತಿದ್ದೆವು. ಇದು ತಿರುವುಮುರುವಾಗಬೇಕು. ಒಳಗೆ ಏನೂ ಬೇಡ, ಮೇಲೆ ಒಂದು ಚಿಟಿಕೆ ಬೆಲ್ಲದ ಧೂಳು ಸಾಕು. ಬಿಸಿಯಿದ್ದಾಗ ಕೊಟ್ಟರೆ ಅದೇ ಚಿಟಿಕೆ ಎರಡು ಚಿಟಿಕೆಯಾಗುತ್ತದೆ, ಉಪ್ಪಿನ ಕಣ ಅದನ್ನು ಮೂರು ಮಾಡುತ್ತದೆ. ಅಂಟುವಾಳದ ಕಾಯಿಯಷ್ಟು ಗಾತ್ರ. ಎಸ್ತೇರಮ್ಮ ಎರಡು ತಾಸು ಬಿಟ್ಟು ಚುಚ್ಚಿದಳು. ಮಶೀನನ್ನು ಒಮ್ಮೆ ನೋಡಿ, ನನ್ನನ್ನು ನೋಡಿ, ಮತ್ತೆ ಮಶೀನು ನೋಡಿದಳು. “ಹೆಚ್ಚೇನೂ ಏರಿಲ್ಲ. ಎರಡು ಕೊಡಬಹುದು, ಊಟದ ಮೇಲೆ. ಮೂರಿಲ್ಲ. ತಿನ್ನೋಕೆ ಮುಂಚೆ ನಂಬರ್ ನೋಡಬೇಕು, ಜಾಸ್ತಿ ಇದ್ರೆ ಅವತ್ತು ಒಂದೂ ಇಲ್ಲ.”

ಅಲ್ಲಿಂದ ಹನ್ನೊಂದು ವರ್ಷ ಇದೇ ನಡೆಯಿತು. ಊಟವಾದ ಕೂಡಲೇ ಅತ್ತೆ ಎಡಗೈಯ ಉಂಗುರದ ಬೆರಳು ಚಾಚುವಳು. ಕಾಶವ್ವ ಚುಚ್ಚುವುದನ್ನು ಕಲಿತಳು, ನಂಬರು ಜೋರಾಗಿ ಓದುವಳು, ನಾನು ಬಿಸಿ ಉಂಡಿ ಇಡುವೆ. ನಂಬರು ಜಾಸ್ತಿ ಬಂದ ದಿನ ಮುದುಕಿ ಮಶೀನಿನ ವಂಶವನ್ನೆಲ್ಲ ಬೈದು, ಮರುದಿನ ಅನ್ನ ಬಿಟ್ಟು, ಕೋಲು ಹಿಡಿದು ಅಗಸಿಯವರೆಗೆ ಎರಡು ಸಲ ನಡೆದು ಬರುತ್ತಿದ್ದಳು. ಉಂಡಿ ಗೆಲ್ಲುವುದಕ್ಕಾಗಿ. ಎಲೆಅಡಿಕೆ ಚೀಲದಲ್ಲಿ ಬೆಲ್ಲ ಹೋಗಿ ನಿಜವಾದ ಅಡಿಕೆ ಬಂತು. ಇಷ್ಟಕ್ಕೇ ನಿಲ್ಲಲಿಲ್ಲ. ಕದ್ದು ತಿನ್ನುತ್ತಿದ್ದವಳು ಈಗ ಬೇರೆಯವರ ಕಳ್ಳತನ ಹಿಡಿಯಲು ನಿಂತಳು. ಓಣಿಯ ಮುದುಕರ ಚೀಲ ತಡಕುವಳು, ಚಹಾದಲ್ಲಿ ಸಕ್ಕರೆ ಕಂಡರೆ ಚೆಲ್ಲುವಳು. ನಮ್ಮ ಉಂಡಿ ಶುಗರ್ ಇದ್ದ ಎಲ್ಲ ಮನೆಗಳಿಗೂ ಹೋಗುತ್ತಿತ್ತು. ಆ ವರ್ಷಗಳಲ್ಲಿ ತೀರಿಕೊಂಡವರು ಹನ್ನೊಂದನೆಯ ದಿನ ಎರಡೋ ಮೂರೋ ಹೋಳಿಗೆಗೆ ಸಾಕೆಂದು ಎದ್ದು ಹೋದರು. ಮತ್ತೊಬ್ಬ ಗುರುಶಾಂತಪ್ಪ ನಮ್ಮೂರಲ್ಲಿ ಆಗಲಿಲ್ಲ.

ಮುರಿಗೆವ್ವ ತೀರಿಕೊಂಡದ್ದು ಎಂಬತ್ತೇಳನೆಯ ವಯಸ್ಸಿನಲ್ಲಿ. ಮಧ್ಯಾಹ್ನ ಊಟ ಮಾಡಿ, ಎರಡು ಉಂಡಿ ತಿಂದು, ಗೋಡೆಗೆ ಒರಗಿ ಕಣ್ಣು ಮುಚ್ಚಿದವಳು ತೆಗೆಯಲಿಲ್ಲ. ವಯಸ್ಸಾಗಿತ್ತು, ಅಷ್ಟೇ. ಎಸ್ತೇರಮ್ಮ ಬಂದು ಮುದುಕಿಯ ಎರಡೂ ಪಾದ ಸವರಿ, “ಒಂದು ಗಾಯ ಇಲ್ಲ ನೋಡಿ,” ಅಂದಳು. ಅವಳಿಗೆ ಅದು ದೊಡ್ಡ ಬಹುಮಾನ. ಮಣ್ಣು ಕೊಟ್ಟು ಬರುವಷ್ಟರಲ್ಲಿ ಅತ್ತೆ ಪಡಸಾಲೆಯಲ್ಲಿ ಕೂತಿದ್ದಳು. “ಅಳಿಯಾರ, ಕುಣಿ ಸಣ್ಣದಾಗಿತ್ತು. ಮಣಕಾಲು ಮಡಚಬೇಕಾತು,” ಅಂದಳು.

ನಮ್ಮಲ್ಲಿ ಇನ್ನೊಂದು ಕಟ್ಟುಪಾಡಿದೆ. ಕೊನೆಯ ಸಿಹಿಯನ್ನು ಮನೆಯವರು ಮಾಡುವಂತಿಲ್ಲ. ಮನೆಯವರ ಕೈರುಚಿ ಸಿಕ್ಕರೆ ಕೂತವರಿಗೆ ಏಳುವ ಮನಸ್ಸಾಗುವುದಿಲ್ಲ ಅಂತ. ಊರಿನವರನ್ನೆಲ್ಲ ಕಳಿಸಿಕೊಟ್ಟ ನಾನು ನನ್ನ ಮನೆಯ ಒಲೆಗೆ ಕೈ ಹಚ್ಚುವಂತಿರಲಿಲ್ಲ. ಚಂಬಣ್ಣನೇ ಬಂದ. ತಪ್ಪು ಮಾಡಿದ್ದು ಮಾತ್ರ ನಾನು. ಪಾಪ, ಹನ್ನೊಂದು ವರ್ಷ ಚಿಟಿಕೆಯಲ್ಲಿ ಬದುಕಿದ ಜೀವ, ಈಗಲಾದರೂ ಹೊಟ್ಟೆ ತುಂಬ ತಿನ್ನಲಿ ಅನ್ನಿಸಿತು. “ಚಂಬಣ್ಣಾ, ಬೆಲ್ಲಕ್ಕ ಕೈ ಹಿಡೀಬ್ಯಾಡ. ಇನ್ನ ಆಕೀಗೆ ಶುಗರ್ ಏನ್ ಮಾಡತೈತಿ?” ಅಂದೆ. ಅವನು ಸಂತೋಷದಿಂದ ಒಂದಕ್ಕೆರಡು ಹಾಕಿದ. ಹೂರಣ ಹೊಳೆಯುತ್ತಿತ್ತು. ಅಮಾವಾಸ್ಯೆಗೆ ಇನ್ನೂ ನಾಲ್ಕು ದಿನವಿತ್ತು, ಅವಸರವೇನಿಲ್ಲ ಅಂದುಕೊಂಡೆವು.

ಅತ್ತೆ ಎಲೆಯ ಮುಂದೆ ಕೂತು ಹೋಳಿಗೆಯ ಅಂಚು ಮುರಿದು ಬಾಯಿಗಿಟ್ಟಳು. ಮುಖ ಕಿವುಚಿದಳು. ಥೂ ಅಂತ ಎಲೆಯ ಮೇಲೇ ಉಗುಳಿದಳು. “ಎಷ್ಟು ಬೆಲ್ಲ ಸುರದೀಯೋ ಭಾಡ್ಯಾ! ನನ್ನ ಕೊಲ್ಲಬೇಕಂತ ಮಾಡಿಯೇನು?” ಚಂಬಣ್ಣ ಸೌಟು ಹಿಡಿದುಕೊಂಡೇ ನಿಂತ. “ಆಯೀ, ನೀ ಸತ್ತೀದಿ.” “ಸತ್ರ? ಸತ್ತವರು ಮೈ ಕಾಯ್ಕೋಬಾರದೇನು? ಹನ್ನೊಂದು ವರ್ಷ ಜೋಪಾನ ಮಾಡಿದ ಕಾಲು ಇವು. ಮುಂದ ಎಷ್ಟು ನಡೀಬೇಕೋ ಏನೋ, ಇಲ್ಲೇ ಹಾಳ ಮಾಡ್ಕೊಂಡು ಹೋಗ್ಲೇನು?” ಎಲೆ ಸರಿಸಿ ಕೂತುಬಿಟ್ಟಳು. ಮರುದಿನ ಗೋಧಿ ಹುಗ್ಗಿ ಮಾಡಿದ. ಮುಟ್ಟಲಿಲ್ಲ. ಅದರ ಮರುದಿನ ಚಂಬಣ್ಣ ಹಟ ಹಿಡಿದು ನಮ್ಮ ಉಂಡಿಯನ್ನೇ ತಾನು ಕಟ್ಟುತ್ತೇನೆ ಅಂದ. ನಾನು ಹೊಸ್ತಿಲ ಹೊರಗೆ ಕೂತು ಅಳತೆ ಹೇಳಿದೆ. ಚಿಟಿಕೆ ಅಂದರೆ ಅವನ ಕೈಗೆ ಅರ್ಧ ಮುಷ್ಟಿ ಬರುತ್ತದೆ. ನಲವತ್ತು ವರ್ಷ ಸತ್ತವರಿಗೆ ಧಾರಾಳವಾಗಿ ಹಾಕಿದ ಕೈ, ತಡೆದರೂ ತಡೆಯಲಿಲ್ಲ. ಅತ್ತೆ ಉಂಡಿಯನ್ನು ದೂರದಿಂದಲೇ ನೋಡಿ, “ಇದು ಹಬ್ಬಕ್ಕ ಹೊಂಟೈತಿ,” ಅಂದಳು. ಮರುದಿನ ಕಳೆದರೆ ಅಮಾವಾಸ್ಯೆ.

ಕಾಶವ್ವ ಅವತ್ತು ಅನ್ನ ಬಿಟ್ಟಳು. “ಏನ್ರಿ, ನಮ್ಮವ್ವ ಬಾಯಿ ತೆಕ್ಕೊಂಡು ಮೂಲ್ಯಾಗ ಕೂಡ್ತಾಳ್ರಿ. ಗ್ವಾಡೀಗೂ ಒಂದು ಮಾತಾಡೂದಿಲ್ಲ. ನಾ ಹೆಂಗ ನೋಡ್ಲಿ?” ಪಡಸಾಲೆಯಲ್ಲಿ ಅತ್ತೆಯ ಮಾತು ಆಗಲೇ ಸ್ವಲ್ಪ ಸವೆದಿತ್ತು, ಬೈಗುಳದ ನಡುವೆ ಪದ ಹುಡುಕುತ್ತಿದ್ದಳು. ನನಗೆ ಬೈಯಲು ಮುರಿಗೆವ್ವ ಪದ ಹುಡುಕುವುದೆಂದರೆ! ಬೆಳಿಗ್ಗೆ ಎದ್ದು ಸ್ನಾನ ಮಾಡಿ ಒಲೆ ಹಚ್ಚಿದೆ. ಚಂಬಣ್ಣ ಓಡಿ ಬಂದು ನನ್ನ ಕೈ ಹಿಡಿದ. “ದುಂಡಪ್ಪಣ್ಣಾ, ನಿನಗ ಗೊತ್ತಿಲ್ಲದ್ದೇನು? ಮನೀ ಕೈ ಬಿದ್ರ ಏಳೂದಿಲ್ಲ. ನಿನ್ನ ಉಂಡಿ ತಿಂದು ಇಲ್ಲೇ ಝಾಂಡಾ ಹೂಡಿದ್ರ?” ನಾನು ಹೆಚ್ಚು ಮಾತಿನವನಲ್ಲ. ಅವತ್ತು ಮಾತ್ರ ಬಾಯಿ ಬಂತು. “ಹನ್ನೊಂದು ವರ್ಷ ದಿನಾ ನನ್ನ ಕೈದು ತಿಂದಾಳ, ದಿನಾ ಎದ್ದಾಳ. ನಿನ್ನ ಹೋಳಿಗಿ ಮಂದೀನ ಕೂಡಸತೈತಿ. ಇದು ತಿಂದು ಏಳುವಂಥ ಉಂಡಿ.” ಚಂಬಣ್ಣನಿಗೆ ಬೇಸರವಾಯಿತು. ಆದರೂ ಕೂತು ಶೇಂಗಾದ ಸಿಪ್ಪೆ ತಿಕ್ಕಿಕೊಟ್ಟ.

ಮಧ್ಯಾಹ್ನ ಎಲೆ ಹಾಕಿ ಎರಡು ಬಿಸಿ ಉಂಡಿ ಇಟ್ಟೆ. ಓಣಿಯವರೆಲ್ಲ ಬಾಗಿಲಲ್ಲಿ ತುಂಬಿದ್ದರು. ಅತ್ತೆ ಬಗ್ಗಿ ಮೂಸಿದಳು. ಅವಳ ಮುಖ ಸಡಿಲವಾಯಿತು. ಆದರೆ ಉಂಡಿಗೆ ಕೈ ಹಚ್ಚಲಿಲ್ಲ. ಸುಮ್ಮನೆ ಕೂತಳು. ನೆರಳು ಅಂಗಳದ ಅರ್ಧಕ್ಕೆ ಬಂತು. “ಆತು, ಇದೂ ಒಲ್ಲೆ ಅಂತಾಳ,” ಅಂದರು ಯಾರೋ. ಆಗ ಕಾಶವ್ವ ತಾಯಿಯ ಎಡಗೈ ನೋಡಿದಳು. ಅದು ಎಲೆಯ ಪಕ್ಕಕ್ಕೆ ಚಾಚಿಕೊಂಡಿತ್ತು. ಉಂಗುರದ ಬೆರಳು ಒಂದೇ ಮುಂದೆ. “ಅಯ್ಯ ನನ್ನವ್ವಾ,” ಅಂದಳು ಕಾಶವ್ವ, “ಆಕೀದು ಶುಗರ್ ನೋಡೇ ಇಲ್ಲಲ್ರಿ!”

ಕಾಶವ್ವ ಮಶೀನು ತಂದು ತಾನೇ ಚುಚ್ಚಿದಳು. ಏನೂ ಬರಲಿಲ್ಲ. ಎಸ್ತೇರಮ್ಮನನ್ನು ಕರೆಯಲು ಓಡಿದಳು. ಎಸ್ತೇರಮ್ಮ ಬಂದು ನೆಲಕ್ಕೆ ಕೂತು, ಕನ್ನಡಕ ಸರಿಮಾಡಿಕೊಂಡು, ಬದುಕಿದ್ದವರಿಗೆ ಮಾಡುವ ಹಾಗೆಯೇ ಹತ್ತಿಯಿಂದ ಬೆರಳು ಒರೆಸಿ ಚುಚ್ಚಿದಳು. ಒತ್ತಿದಳು. ರಕ್ತ ಎಲ್ಲಿಂದ ಬರಬೇಕು? ಪಟ್ಟಿ ಹಾಕಿದ ಮಶೀನು ಹನಿಗಾಗಿ ಕಾಯುತ್ತ ಕಣ್ಣು ಮಿಟುಕಿಸುತ್ತಿತ್ತು. “ನಂಬರ್ ಎಷ್ಟು ಬಂತು, ನರ್ಸಬಾಯಿ?” ಅತ್ತೆ ಕೇಳಿದಳು. ಏನಾದರೂ ಒಂದು ಅಂಕಿ ಹೇಳಿಬಿಡು ಅಂತ ಚಂಬಣ್ಣ ಹಿಂದಿನಿಂದ ಸನ್ನೆ ಮಾಡಿದ. ಹನ್ನೊಂದು ವರ್ಷದಲ್ಲಿ ಎಸ್ತೇರಮ್ಮ ಒಂದು ಅಂಕಿ ಸುಳ್ಳು ಹೇಳಿದವಳಲ್ಲ. “ಬಂದಿಲ್ಲ ಅಜ್ಜಿ,” ಅಂದಳು. “ಬಂದಿಲ್ಲಂದ್ರ ತಿನ್ನೂದಿಲ್ಲ,” ಅಂದಳು ಅತ್ತೆ. ಅಷ್ಟು ಹೇಳುವುದಕ್ಕೂ ಎರಡು ಸಲ ತಡವರಿಸಿದಳು.

ನಾನು ಹೋಗಿ ಅತ್ತೆಯ ಪಕ್ಕದಲ್ಲಿ ಕೂತೆ. ಅಷ್ಟು ಹತ್ತಿರ ಹಿಂದೆಂದೂ ಕೂತವನಲ್ಲ. ನನ್ನ ಎಡಗೈಯ ಬೆರಳನ್ನು ಅವಳ ಬೆರಳಿನ ಪಕ್ಕಕ್ಕೆ ಚಾಚಿದೆ. “ಬಾಯೋರ, ನನ್ನದು ನೋಡ್ರಿ.” ಅತ್ತೆ ಕಣ್ಣು ಕಿರಿದು ಮಾಡಿದಳು. “ನಿಮ್ಮದು ಯಾಕ, ಅಳಿಯಾರ? ತಿನ್ನಾಕಿ ನಾನು.” “ಅತ್ತೀ, ಇಷ್ಟು ವರ್ಷ ರುಚಿ ನೋಡದ ಒಂದ್ ದಿನಾ ನಿಮಗ ಇಟ್ಟಿಲ್ಲ. ನೀವು ಅನ್ನಾ ಬಿಟ್ಟ ದಿನಾ ನಿಮ್ಮ ಮಗಳು ನನಗೂ ಅನ್ನಾ ಹಾಕಿಲ್ಲ. ನಿಮ್ಮ ಹೊಟ್ಟ್ಯಾಗ ಹೋದದ್ದ ನನ್ನ ಹೊಟ್ಟ್ಯಾಗ ಹೋಗೈತಿ. ನನ್ನ ರಕ್ತ ಏನ್ ಹೇಳತೈತೋ ಅದ ನಿಮ್ಮದು.” ಅತ್ತೆ ಬಗ್ಗಿ ನನ್ನ ಮುಖ ನೋಡಿದಳು. ಹಾಸ್ಯ ಮಾಡುತ್ತಿದ್ದೇನೋ ಅಂತ ಅನುಮಾನ. ಆಮೇಲೆ ತನ್ನ ಬೆರಳು ಹಿಂದಕ್ಕೆ ಎಳೆದುಕೊಂಡು, “ಜೋರಾಗಿ ಚುಚ್ಚರಿ, ನರ್ಸಬಾಯಿ,” ಅಂದಳು. “ತೊಗಲು ದಪ್ಪ ಐತಿ.”

ಚುಚ್ಚಿದಳು. ಹನಿ ಬಂತು. ಬಾಗಿಲಲ್ಲಿದ್ದವರು ಒಬ್ಬರ ಹೆಗಲ ಮೇಲಿಂದ ಒಬ್ಬರು ಇಣುಕಿದರು. ನನಗೂ ಹೆದರಿಕೆಯಿತ್ತು, ಯಾಕೆಂದರೆ ದಿನವಿಡೀ ಊರಿನ ಸಿಹಿಯ ರುಚಿ ನೋಡುವ ನಾಲಿಗೆ ನನ್ನದು, ಯಾವತ್ತೂ ಪರೀಕ್ಷೆ ಮಾಡಿಸಿಕೊಂಡವನಲ್ಲ. ಮುನ್ನೂರು ಅಂತ ಬಂದರೆ ಅತ್ತೆ ಅಲ್ಲೇ ಕೂರುವಳು, ಪಕ್ಕದಲ್ಲಿ ನನಗೂ ಒಂದು ಜಾಗ ನೋಡಿಡಬೇಕು. “ನೂರ ಹದಿನೆಂಟು,” ಅಂದಳು ಎಸ್ತೇರಮ್ಮ. “ಎರಡು ತಿನ್ನಬಹುದು, ಅಜ್ಜಿ. ಮೂರಿಲ್ಲ.”

“ಮೂರು ಯಾರ್ ಕೇಳಿದ್ರು?” ಅಂತ ಅತ್ತೆ ಮೊದಲನೆಯದನ್ನು ಎತ್ತಿಕೊಂಡಳು. ಬೊಚ್ಚು ಬಾಯಲ್ಲಿ ಅದನ್ನು ಈ ದವಡೆಯಿಂದ ಆ ದವಡೆಗೆ ಉರುಳಿಸುತ್ತ, ನಡುವೆಯೇ ಮಾತಾಡತೊಡಗಿದಳು. ಬತ್ತಿದ್ದ ಮಾತು ತಿರುಗಿ ಬಂತು. ನೆರೆಮನೆಯವಳು ಅತ್ತದ್ದು ಸುಳ್ಳು ಅಳು ಅಂದಳು. ಕಾಶವ್ವನಿಗೆ, ಟ್ರಂಕಿನಲ್ಲಿರುವ ಇಳಕಲ್ ಸೀರೆ ಉಡು, ಯಾರಿಗೂ ಕೊಡಬೇಡ ಅಂದಳು. ಚಂಬಣ್ಣನಿಗೆ, “ನಿನ್ನ ಕೈ ಕೆಟ್ಟದ್ದಲ್ಲೋ, ಅಳತಿ ಇಲ್ಲ ಅಷ್ಟ,” ಅಂದಳು. ಎರಡನೆಯದನ್ನು ತಿಂದು ಬೆರಳು ನೆಕ್ಕಿಕೊಂಡಳು. ಚಂಬಣ್ಣ ಬುಟ್ಟಿಯಲ್ಲಿ ಉಳಿದಿದ್ದ ಉಂಡಿಗಳನ್ನು ಒಂದು ಹೆಜ್ಜೆ ಮುಂದೆ ತಂದ, ಅಭ್ಯಾಸಬಲ. “ಸಾಕು ತಗೀಯೋ,” ಅಂತ ಅತ್ತೆ ಕೈ ಅಡ್ಡ ಹಿಡಿದಳು, ದಿನಾ ನನಗೆ ಹೇಳುತ್ತಿದ್ದ ಹಾಗೆ, ಬೇರೇನೋ ಯೋಚಿಸುತ್ತ. ಆ ಮಾತು ಬಾಯಿಂದ ಬಂದದ್ದು ಅವಳ ಗಮನಕ್ಕೇ ಬರಲಿಲ್ಲ. ಕಾಶವ್ವ ಸೆರಗು ಬಾಯಿಗೆ ತುರುಕಿಕೊಂಡಳು.

ಅತ್ತೆ ಮೊಣಕಾಲು ಹಿಡಿದು ಎದ್ದಳು. ಬಚ್ಚಲಿಗೆ ಹೋಗಿ ಕೈ ತೊಳೆದಳು. ಬಂದವಳು ಒರೆಸಿಕೊಳ್ಳಲು ಅತ್ತಿತ್ತ ನೋಡಿ, ನನ್ನ ಹೆಗಲ ಮೇಲಿದ್ದ ಟವೆಲ್ ಎಳೆದು ಒರೆಸಿಕೊಂಡು ತಿರುಗಿ ಅಲ್ಲೇ ಎಸೆದಳು. ಕೋಲು ಬೇಡ ಅಂದಳು. ಓಣಿ ಹಿಡಿದು ಒಬ್ಬಳೇ ನಡೆದಳು, ಎರಡೂ ಕಾಲು ನೆಟ್ಟಗೆ ಊರುತ್ತ, ಎಲ್ಲೂ ಕುಂಟದೆ. ಯಾರೂ ಅಳಲಿಲ್ಲ, ಅತ್ತರೆ ತಿರುಗಿ ಬಂದು ಬೈದಾಳೆಂಬ ಭಯ. ನನ್ನ ಅತ್ತೆ ಮುರಿಗೆವ್ವ ಅಗಸಿ ಬಾಗಿಲು ದಾಟಿ ಹೋದದ್ದು ಶನಿವಾರ, ಅಮಾವಾಸ್ಯೆಗೆ ಒಂದು ದಿನ ಮುಂಚೆ, ದನಗಳು ಮೇಯ್ದು ಮನೆಗೆ ತಿರುಗುವ ಹೊತ್ತಿಗೆ.